ನೀರುಗಂಟಿಗೆ ಒಂದು ಪುಟ

ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮನೆ ಓನರ್ ಅಮ್ಮ ಮೆಟ್ಟಿಲು ಹತ್ತಿ ಬಂದು ನಮ್ಮ ಬಾಗಿಲು ಬಡಿದರು. ನಾನು ತೆಗೆದೆ. ಅವರು ನನ್ನ ಹೆಗಲ ಮೇಲಿಂದ ಒಳಗೆ ಇಣುಕಿ, ಊಟದ ಮೇಜಿನ ಹತ್ತಿರ ಕೂತಿದ್ದ ಇಬ್ಬರನ್ನೂ ಒಂದು ಸಲ ಅಳೆದು ನೋಡಿದರು.

"ಏನ್ರಪ್ಪಾ, ಯಾರನ್ನೋ ಕಡಿದು ಹಾಕೋದು, ಹೆಣ ಬಾವಿಗೆ ಎಸೆಯೋದು ಅಂತೆಲ್ಲಾ ಮಾತಾಡ್ತಾ ಇದೀರಿ. ಕೆಳಗೆ ತುಳಸಿಗೆ ನೀರು ಹಾಕ್ತಿದ್ದೆ, ಕೈಯಲ್ಲಿದ್ದ ಚೊಂಬು ಬಿದ್ದೋಯ್ತು. ಏನದು?"

"ಆಟ ಅಮ್ಮಾ" ಅಂದೆ.

"ಈ ವಯಸ್ಸಲ್ಲಿ ಆಟಾನಾ?"

ಆಗ ನನಗೆ ನಲವತ್ತಮೂರು. ರಾಜಾಜಿನಗರದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ. ಚಂದ್ರಾ ಲೇಔಟಿನ ಆ ಮನೆಯ ಮಹಡಿಗೆ ಬಾಡಿಗೆಗೆ ಬಂದು ಎರಡು ವರ್ಷವಾಗಿತ್ತು. ಹೆಂಡತಿ ನರ್ಸ್, ಭಾನುವಾರ ಅವಳಿಗೆ ಹಗಲು ಡ್ಯೂಟಿ. ಹಾಗಾಗಿ ಭಾನುವಾರ ಮನೆಯಲ್ಲಿ ನಾವು ಮೂವರು ಸೇರುತ್ತಿದ್ದೆವು.

ಆಟ ಅಂದರೆ ಇಸ್ಪೀಟೂ ಅಲ್ಲ, ಕೇರಮ್ಮೂ ಅಲ್ಲ. ಮೇಜಿನ ಸುತ್ತ ಕೂತು ಮಾತಿನಲ್ಲೇ ಆಡುವುದು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರಿಗೆ ತಲಾ ಒಂದು ಪಾತ್ರ. "ನೀವು ಕಾಡಿನ ಅಂಚಿಗೆ ಬಂದಿದ್ದೀರಿ, ಎದುರಿಗೊಂದು ಪಾಳುಕೋಟೆ. ಏನು ಮಾಡ್ತೀರಿ?" ಎಂದು ನಡೆಸುವವರು ಕೇಳುತ್ತಾರೆ. ಪಾತ್ರದವರು ತಮಗೆ ತೋಚಿದ್ದನ್ನು ಹೇಳುತ್ತಾರೆ. ಹೇಳಿದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ; ಹೆಚ್ಚು ಬಿದ್ದಷ್ಟೂ ಒಳ್ಳೆಯದು. ಇದಕ್ಕೆಲ್ಲ ಇಂಗ್ಲಿಷಿನಲ್ಲಿ ಒಂದು ನಿಯಮದ ಪುಸ್ತಕವಿದೆ, ಇಟ್ಟಿಗೆಯಷ್ಟು ದಪ್ಪ.

ನಡೆಸುವವನು ನಾನು. ಆಡುವವರಲ್ಲಿ ಒಬ್ಬ ನನ್ನ ಹೈಸ್ಕೂಲ್ ಗೆಳೆಯ, ನಾಯಂಡಹಳ್ಳಿಯಲ್ಲಿ ಲೇತ್ ವರ್ಕ್‌ಶಾಪ್ ಇಟ್ಟುಕೊಂಡಿದ್ದಾನೆ. ಅವನ ಪಾತ್ರ ಒಬ್ಬ ಕತ್ತಿವೀರ. ಇನ್ನೊಬ್ಬಳು ನಾಗರಬಾವಿಯ ಪಿಜಿಯಲ್ಲಿದ್ದುಕೊಂಡು ಕಾನೂನು ಓದುತ್ತಿದ್ದ ಹುಡುಗಿ. ಕಾಲೇಜಿನ ಪತ್ರಿಕೆ ಅಚ್ಚು ಹಾಕಿಸಲು ಪ್ರೆಸ್ಸಿಗೆ ಬಂದಾಗ, ನನ್ನ ಮೇಜಿನ ಮೇಲಿದ್ದ ದಾಳ ನೋಡಿ "ಸಾರ್, ನೀವೂ ಆಡ್ತೀರಾ?" ಎಂದು ಕೇಳಿದವಳು. ಅವಳ ಪಾತ್ರ ಬೀಗ ತೆರೆಯುವುದರಲ್ಲಿ, ಮಾತಿನಲ್ಲಿ ಮರುಳು ಮಾಡುವುದರಲ್ಲಿ ನಿಪುಣೆಯಾದ ಒಬ್ಬ ಕಳ್ಳಿ.

ಓನರ್ ಅಮ್ಮನಿಗೆ ಇಷ್ಟನ್ನು ವಿವರಿಸುವಷ್ಟರಲ್ಲಿ ಅವರು ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂತಿದ್ದರು. ಅವರಿಗೆ ಅರವತ್ತೈದರ ಆಸುಪಾಸು. ಈ ಲೇಔಟ್ ಆಗುವ ಮುಂಚೆ ಇಲ್ಲೇ ರಾಗಿ, ಹುರುಳಿ ಬೆಳೆಯುತ್ತಿದ್ದ ಮನೆತನದವರು. ಬಾಡಿಗೆಯ ವಿಷಯದಲ್ಲಾಗಲಿ, ಕಸ ಬೇರ್ಪಡಿಸುವ ವಿಷಯದಲ್ಲಾಗಲಿ ಅವರೆದುರು ನಾನು ಇನ್ನೊಂದು ಮಾತಾಡಿದವನಲ್ಲ.

"ಆಡಿ, ನೋಡ್ತೀನಿ" ಅಂದರು.

ಆಡಿದೆವು. ಕಥೆಯಲ್ಲಿ ಅವರಿಬ್ಬರೂ ಬೆಟ್ಟದ ಮೇಲಿನ ಒಂದು ಊರು ಸೇರಿದ್ದರು. ನಾನು ಊರಿನ ಗೋಡೆ, ಛತ್ರ, ಕಮ್ಮಾರಸಾಲೆ ಎಲ್ಲವನ್ನೂ ವರ್ಣಿಸಿದೆ. ಓನರ್ ಅಮ್ಮ ಅರ್ಧ ಗಂಟೆ ನೋಡಿ ಆಮೇಲೆ ಕೇಳಿದರು:

"ಬೆಟ್ಟದ ಮೇಲೆ ಅಂತೀಯಲ್ಲ, ಅಷ್ಟು ಜನಕ್ಕೆ ನೀರೆಲ್ಲಿಂದ ಬರುತ್ತೆ?"

ನಾನು ನಿಯಮದ ಪುಸ್ತಕ ತಿರುವಿದೆ. ಅದರಲ್ಲಿ ಬೆಂಕಿಯ ಚೆಂಡು ಎಷ್ಟು ದೂರ ಹೋಗುತ್ತದೆ ಎಂದಿತ್ತು, ನೀರಿನ ಸುದ್ದಿ ಇರಲಿಲ್ಲ. ಗೆಳೆಯ ಜೋರಾಗಿ ನಕ್ಕ. "ಅಮ್ಮಾ, ಟ್ಯಾಂಕರ್ ಬರುತ್ತೆ ಬಿಡಿ" ಅಂದ. ಅವರೂ ನಕ್ಕರು. ಮುಂದಿನ ಭಾನುವಾರ ಒಂದು ಡಬ್ಬಿ ನಿಪ್ಪಟ್ಟು ಹಿಡಿದು ಮತ್ತೆ ಬಂದರು. "ನನಗೂ ಒಂದು ಪಾತ್ರ ಕೊಡಿ" ಅಂದರು.

ಅವರಿಗೊಬ್ಬ ವೈದ್ಯೆಯ ಪಾತ್ರ ಕೊಟ್ಟೆವು. ಕೊಟ್ಟಿದ್ದು ಅಂದರೆ ಹೇರಿದ್ದು. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. ತಮ್ಮ ಪಾತ್ರ ಏನೇನು ಮಾಡಬಲ್ಲದು ಎಂದು ತಿಳಿಯಲು ಪ್ರತಿ ಸಲ ಹುಡುಗಿಯ ಮುಖ ನೋಡಬೇಕು. "ಆಂಟಿ, ಈಗ ನೀವು ಗಾಯ ವಾಸಿ ಮಾಡಬಹುದು" ಎಂದು ಅವಳು ಹೇಳುತ್ತಿದ್ದಳು. "ಸರಿ, ಮಾಡ್ದೆ" ಅನ್ನುತ್ತಿದ್ದರು ಅವರು. ಅಷ್ಟೇ ಅವರ ಆಟ.

ಆ ಹೊತ್ತಿಗೆ ಮೂಲ ಪುಸ್ತಕದ ಒಂದೊಂದು ಪುಟವೂ ನಮಗೆ ಹಳತಾಗಿತ್ತು. ಇಂಥ ಆಟಗಳಿಗೆ ಆಮೇಲಾಮೇಲೆ ಸೇರಿಸಿಕೊಳ್ಳುವ ಪುಸ್ತಕಗಳು ಬರುತ್ತವೆ. ನಾವು ಎಕ್ಸ್‌ಪಾನ್ಷನ್ ಅನ್ನುತ್ತಿದ್ದೆವು. ಒಂದೊಂದೂ ದುಬಾರಿ. ಯಾವುದು ಬೇಕು ಎಂಬ ಚರ್ಚೆಯಲ್ಲೇ ಒಂದು ಭಾನುವಾರ ಮುಗಿಯಿತು.

"ರಾಕ್ಷಸರ ಪುಸ್ತಕ ಕಣೋ ಗುರು" ಅಂದ ಗೆಳೆಯ. "ವಾರವೆಲ್ಲಾ ಮೆಷೀನ್ ಮುಂದೆ ನಿಂತು ನಿಂತು ಬರ್ತೀನಿ. ಇಲ್ಲಿ ಬಂದ್ರೆ ಹೊಡೆಯೋಕೆ ಹೊಸದೇನಾದ್ರೂ ಬೇಕು."

ಹುಡುಗಿಗೆ ಬೇಕಾಗಿದ್ದು ಹೊಸ ಹೊಸ ಬಗೆಯ ಪಾತ್ರಗಳೂ ಶಕ್ತಿಗಳೂ ಇದ್ದ ಪುಸ್ತಕ. ನನಗೆ ಸಿದ್ಧ ಕಥೆಯ ಪುಸ್ತಕ ಬೇಕಿತ್ತು. ಶನಿವಾರದವರೆಗೂ ಬೇರೆಯವರ ತಪ್ಪು ತಿದ್ದಿ ಬಂದ ತಲೆಯಲ್ಲಿ ಕಥೆ ಹುಟ್ಟುವುದು ಕಷ್ಟವಾಗುತ್ತಿತ್ತು. ಓನರ್ ಅಮ್ಮನನ್ನು ನಾವು ಕೇಳಲೇ ಇಲ್ಲ.

ಗೆಳೆಯನ ಮಾತು ನಡೆಯಿತು. ರಾಕ್ಷಸರ ಪುಸ್ತಕ ತರಿಸಿದೆವು. ಚಿತ್ರಗಳು ಅದ್ಭುತವಾಗಿದ್ದವು. ಎರಡು ತಲೆಯ ಹಲ್ಲಿ, ಮಣ್ಣಿನ ಮನುಷ್ಯ, ಕನ್ನಡಿಯೊಳಗೆ ವಾಸಿಸುವ ಪ್ರಾಣಿ. ಎರಡು ಮೂರು ತಿಂಗಳು ವಾರಕ್ಕೊಂದನ್ನು ಹೊಡೆದೆವು. ಆಮೇಲೆ ಗೆಳೆಯನೇ ಒಂದು ದಿನ ದಾಳ ಕೆಳಗಿಟ್ಟು, "ಬಣ್ಣ ಬೇರೆ, ಹೊಡೆತ ಅದೇ" ಅಂದ.

ತನ್ನ ಹುಟ್ಟುಹಬ್ಬಕ್ಕೆ ಅವನೇ ಹುಡುಗಿ ಕೇಳಿದ್ದ ಶಕ್ತಿಗಳ ಪುಸ್ತಕ ತಂದ. ಹುಡುಗಿ ಕುಣಿದಾಡಿದಳು. ಆದರೆ ಅವಳಿಗೆ ಪರೀಕ್ಷೆ. ಪುಸ್ತಕ ಓದಲು ಪುರುಸೊತ್ತಿಲ್ಲ. ಇವನು ವರ್ಕ್‌ಶಾಪಿನಲ್ಲೇ ಅದನ್ನು ಗ್ರೀಸು ಮೆತ್ತಿದ ಕೈಯಲ್ಲಿ ಹಿಡಿದು ಅರೆದು ಕುಡಿದ. ಎರಡೇ ವಾರದಲ್ಲಿ ಅವನ ಕತ್ತಿವೀರ ಗೋಡೆಯ ಮೂಲಕ ನೋಡುತ್ತಿದ್ದ, ಮುಟ್ಟಿದರೆ ಬೀಗ ತೆರೆಯುತ್ತಿತ್ತು, ಕಾವಲುಗಾರರು ಅವನ ಮಾತಿಗೆ ಮರುಳಾಗುತ್ತಿದ್ದರು. ಹುಡುಗಿಯ ಕಳ್ಳಿ ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಇವನು ತೆರೆದಾಗಿರುತ್ತಿತ್ತು. ಗಾಯವನ್ನೂ ಇವನೇ ವಾಸಿ ಮಾಡಿಕೊಳ್ಳುತ್ತಿದ್ದ. ಹಾಗಾಗಿ ಓನರ್ ಅಮ್ಮನಿಗೆ "ಸರಿ, ಮಾಡ್ದೆ" ಅನ್ನುವ ಕೆಲಸವೂ ಉಳಿಯಲಿಲ್ಲ.

ನನಗೆ ಇದು ಕಾಣುತ್ತಿತ್ತು. ನಾನು ಸುಮ್ಮನಿದ್ದೆ. ನಿಯಮದಲ್ಲಿದೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅಚ್ಚಾದ ಅಕ್ಷರಕ್ಕೆ ತಲೆಬಾಗುವುದು ನನ್ನ ವೃತ್ತಿಯ ದೋಷವಿರಬೇಕು.

ಹುಡುಗಿ ಒಂದು ಭಾನುವಾರ ಬರಲಿಲ್ಲ. ಇನ್ನೊಂದು ಭಾನುವಾರವೂ ಇಲ್ಲ. ಪರೀಕ್ಷೆ ಮುಗಿದಿತ್ತು. ಮೂರನೆಯ ಭಾನುವಾರ ಓನರ್ ಅಮ್ಮ ಮೆಟ್ಟಿಲ ಮೇಲೆ ನಿಂತು, "ಆ ಮಗು ಬರಲ್ಲ ಅಂದ್ರೆ ನಾನೂ ಬರಲ್ಲಪ್ಪ. ನಿಮ್ಮಿಬ್ಬರ ಗಲಾಟೆ ಕೆಳಗಿಂದಾನೂ ಕೇಳುತ್ತೆ" ಎಂದು ಇಳಿದು ಹೋದರು.

ಅವತ್ತೇ ಮಧ್ಯಾಹ್ನ, ಗೆಳೆಯ ವರ್ಕ್‌ಶಾಪಿಗೆ ಹೊರಟ ಮೇಲೆ, ನಾನು ನಾಗರಬಾವಿಗೆ ಹೋದೆ. ಫೋನ್ ಮಾಡಿದ್ದಕ್ಕೆ ಅವಳು ಪಿಜಿಯಿಂದ ಇಳಿದು ಬಂದು ಪಕ್ಕದ ದರ್ಶಿನಿಯಲ್ಲಿ ಎದುರಿಗೆ ನಿಂತಳು. ಇಬ್ಬರ ಕಾಫಿಯೂ ಆರುತ್ತಿತ್ತು.

"ಕೋಪಾನಾ?" ಅಂತ ಕೇಳಿದೆ.

"ಇಲ್ಲ ಸಾರ್. ಆ ಪುಸ್ತಕ ಕೇಳಿದ್ದೇ ನಾನಲ್ವಾ. ಯಾರ ಮೇಲೆ ಕೋಪ ಮಾಡ್ಕೊಳ್ಳಲಿ?" ಅಂದಳು. ಲೋಟ ತಿರುಗಿಸುತ್ತಾ ಮುಂದುವರಿಸಿದಳು. "ಕ್ಲಾಸಲ್ಲಿ ಕೈ ಎತ್ತೋಕೆ ಮುಂಚೆ ಯಾರಾದ್ರೂ ಉತ್ತರ ಹೇಳಿರ್ತಾರೆ. ಇಂಟರ್ನ್‌ಶಿಪ್ಪಲ್ಲಿ ಫೈಲ್ ಹಿಡ್ಕೊಂಡು ಹಿಂದೆ ನಿಂತಿರ್ತೀನಿ. ಭಾನುವಾರ ಒಂದು ದಿನ ನನ್ನ ಸರದಿ ಅಂತ ಬರ್ತಿತ್ತು ಸಾರ್. ಅದು ಹೋಯ್ತು."

ನಾನು ಕ್ಷಮೆ ಕೇಳಿದೆ. ಇದು ಅವನ ತಪ್ಪಲ್ಲ, ನಡೆಸುವವನ ತಪ್ಪು ಎಂದೆ. ಅವಳು ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, "ಬರ್ತೀನಿ. ಆದ್ರೆ ಹೊಸ ಪುಸ್ತಕ ಮೇಜಿಗೆ ಬರೋ ಮುಂಚೆ ನಾಲ್ಕೂ ಜನ ಒಪ್ಪಬೇಕು. ಆಂಟೀನೂ ಸೇರಿ" ಅಂದಳು.

ಹೊರಟವನು ನೇರ ನಾಯಂಡಹಳ್ಳಿಗೆ ಹೋಗಿ ಗೆಳೆಯನಿಗೆ ಎಲ್ಲವನ್ನೂ ಹೇಳಿದೆ. ಅವನು ಕೈಯಲ್ಲಿದ್ದ ಆಗಷ್ಟೇ ಕಡೆದ ಹಿತ್ತಾಳೆಯ ಬುಷ್ಷನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದ. ಕೊನೆಗೆ, "ಲೋ, ನಂಗೆ ಗೊತ್ತಾಗ್ಲಿಲ್ವಲ್ಲೋ. ಚೆನ್ನಾಗಿ ಆಡ್ತಿದೀನಿ ಅಂದ್ಕೊಂಡಿದ್ದೆ" ಅಂದ. ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಬಂದು, ಶಕ್ತಿಗಳ ಪುಸ್ತಕವನ್ನು ಅವನೇ ನನ್ನ ಬೀರುವಿನ ಮೇಲಿಟ್ಟ. ಹುಡುಗಿ ಬಂದಾಗ ಎದ್ದು ನಿಂತು, "ಸಾರಿ ಕಣಮ್ಮ. ಇನ್ಮೇಲೆ ಬೀಗ ನಿಂದೇ" ಅಂದ.

ಈಗ ಸಿದ್ಧ ಕಥೆಯ ಪುಸ್ತಕದ ಸರದಿ. ನಾಲ್ಕೂ ಜನ ಒಪ್ಪಿದೆವು. ನಾನು ತರಿಸಿ, ಬಸ್ಸಿನಲ್ಲಿ ಓದಿ, ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿ ತಯಾರಾದೆ. ಕಥೆ ಒಂದು ಸಣ್ಣ ಹಳ್ಳಿಯಲ್ಲಿ ಶುರುವಾಗಬೇಕು. ಅಲ್ಲಿ ಮಳೆಯಿಲ್ಲ, ಹೊಲ ಒಣಗಿವೆ; ಎಲ್ಲದಕ್ಕೂ ಕಾರಣ ದೂರದ ಕೋಟೆಯ ಮಾಂತ್ರಿಕ. ವೀರರು ಹಳ್ಳಿಯಲ್ಲಿ ಒಂದು ಹೊತ್ತು ಊಟ ಮಾಡಿ ಕೋಟೆಗೆ ಹೊರಡಬೇಕು. ಹಳ್ಳಿಗೆ ಪುಸ್ತಕ ಕೊಟ್ಟಿದ್ದು ಅರ್ಧ ಪುಟ, ಕೋಟೆಗೆ ನೂರು ಪುಟ.

"ಈ ಹಳ್ಳೀಲಿ ಕೆರೆ ಇಲ್ವಾ?" ಎಂದು ಕೇಳಿದರು ಓನರ್ ಅಮ್ಮ.

ಈ ಸಲ ನಾನು ಪುಸ್ತಕ ತಿರುವಲಿಲ್ಲ. "ಇದೆ" ಅಂದೆ.

"ನೀರಿದೆಯಾ?"

"ಸ್ವಲ್ಪ ಇದೆ."

"ಹಾಗಾದ್ರೆ ತೂಬು ಎತ್ತೋನು ಯಾರು?"

ಹುಡುಗಿ ತೂಬು ಅಂದರೇನು ಎಂದು ಕೇಳಿದಳು. ಓನರ್ ಅಮ್ಮ ಮೇಜಿನ ಮೇಲಿದ್ದ ಕಾಗದ ಎಳೆದುಕೊಂಡು ಬರೆದೇ ತೋರಿಸಿದರು. ಇದು ಕೆರೆ ಏರಿ, ಇದು ನೀರು ಹೊರಗೆ ಬಿಡುವ ತೂಬು, ತುಂಬಿ ಮಿಕ್ಕಿದ ನೀರು ಹರಿಯುವ ಕೋಡಿ ಇದು. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ನಿಂತು ನೋಡುವುದು ನೀರುಗಂಟಿಯ ಕೆಲಸ.

"ನಮ್ಮೂರಲ್ಲಿ ಒಬ್ಬ ಇದ್ದ. ನಾನು ಚಿಕ್ಕೋಳಿದ್ದಾಗ. ನಮ್ಮನೆ ಜಗಲಿ ಮೇಲೆ ಅವನನ್ನ ಕೂರಿಸ್ತಿರಲಿಲ್ಲ. ಆಗಿನ ಕಾಲ ಹಾಗಿತ್ತು, ನೆನೆಸಿಕೊಂಡ್ರೆ ನಾಚಿಕೆ ಆಗುತ್ತೆ. ಆದ್ರೆ ನೀರಿನ ವಿಷಯಕ್ಕೆ ಬಂದ್ರೆ ನಮ್ಮಪ್ಪನ ಮಾತೂ ಅವನ ಮುಂದೆ ನಡೀತಿರಲಿಲ್ಲ. ಒಂದು ಸಲ ನಮ್ಮಪ್ಪ ಇನ್ನೊಂದು ಗಳಿಗೆ ಬಿಡು ಅಂದ್ರು. 'ಕೊನೇ ಗದ್ದೆಯವನಿಗೆ ಇನ್ನೂ ಮುಟ್ಟಿಲ್ಲ ಗೌಡ್ರೇ' ಅಂದ. ನಮ್ಮ ಗದ್ದೆಯ ಕಾಲುವೆ ಬಾಯಿ ಮುಚ್ಚೇಬಿಟ್ಟ."

ಆ ಕೆರೆ ಎಲ್ಲಿತ್ತು ಎಂದು ಗೆಳೆಯ ಕೇಳಿದ. ಅವರು ಕಿಟಕಿಯ ಕಡೆ ಕೈ ತೋರಿಸಿದರು. ಅಲ್ಲಿ ಮನೆಗಳ ಮೇಲೆ ಮನೆಗಳು, ಸಿಂಟೆಕ್ಸ್ ಟ್ಯಾಂಕುಗಳು.

"ನನಗೆ ಈ ವೈದ್ಯೆ ಸಾಕಾಯ್ತು ಕಣಪ್ಪ. ನಾನು ನೀರುಗಂಟಿ ಆಗ್ತೀನಿ" ಅಂದರು.

ನಿಯಮದಲ್ಲಿ ಅಂಥ ಪಾತ್ರವಿರಲಿಲ್ಲ. ಹುಡುಗಿ ತಕ್ಷಣ ಪೆನ್ನು ತೆಗೆದಳು. ಅವರನ್ನು ಕೇಳಿ ಕೇಳಿ, ಕನ್ನಡದಲ್ಲೇ, ಒಂದು ಪುಟದಲ್ಲಿ ಪಾತ್ರ ಬರೆದಳು. ನೀರುಗಂಟಿ ಹೆಜ್ಜೆಯ ಸದ್ದಿನಲ್ಲೇ ಏರಿಯ ಬಿರುಕು ಗುರುತಿಸಬಲ್ಲ. ಊರಿನ ಪ್ರತಿ ಮನೆಯ ಜಗಳ ಅವನಿಗೆ ಗೊತ್ತು. ನೀರಿನ ಮಾತಿನಲ್ಲಿ ಅವನು ಹೇಳಿದ್ದನ್ನು ಮೀರಬೇಕಾದರೆ ರಾಜನೂ ದಾಳ ಹಾಕಬೇಕು. ಓನರ್ ಅಮ್ಮ ಆ ಪುಟವನ್ನು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. ಯಾರ ಮುಖವನ್ನೂ ನೋಡದೆ ಅವರು ತಮ್ಮ ಪಾತ್ರ ಓದಿಕೊಂಡದ್ದು ಅದೇ ಮೊದಲು.

ಮಾಂತ್ರಿಕನ ಕೋಟೆಗೆ ನಾವು ಹೋಗಲೇ ಇಲ್ಲ. ಮೇಲಿನ ಊರಿನವರು ಕಾಲುವೆಗೆ ಅಡ್ಡ ಕಟ್ಟಿ ಕೆಳಗಿನ ಊರಿಗೆ ನೀರು ನಿಲ್ಲಿಸಿದ್ದಾರೆ ಎಂದು ನಾನು ಅಲ್ಲೇ ಕಥೆ ತಿರುಗಿಸಿದೆ. ಮುಂದಿನ ಮೂರು ಭಾನುವಾರ ಅದೇ ಕಥೆ. ಗೆಳೆಯನ ಕತ್ತಿವೀರ, "ಕಟ್ಟೆ ಒಡೆದು ಹಾಕ್ತೀನಿ" ಅಂದ. ಓನರ್ ಅಮ್ಮನ ನೀರುಗಂಟಿ ಅಡ್ಡ ನಿಂತ. "ಒಡೆದ್ರೆ ಇವತ್ತು ನಿನಗೆ ನೀರು, ನಾಳೆ ಯಾರಿಗೂ ಇಲ್ಲ." ಹುಡುಗಿಯ ಕಳ್ಳಿ ಮೇಲಿನ ಊರಿಗೆ ನುಸುಳಿ ಹಳೆಯ ಒಪ್ಪಂದದ ತಾಮ್ರಪಟ ಹುಡುಕಿ ತಂದಳು. ಬೀಗ ಅವಳೇ ತೆರೆದಳು. ಗೆಳೆಯ ದಾಳ ಮುಟ್ಟದೆ ನೋಡುತ್ತಾ ಕೂತಿದ್ದ. ಕೊನೆಗೆ ಕಟ್ಟೆಯ ಮೇಲೆ ಎರಡೂ ಊರಿನ ಪಂಚಾಯ್ತಿ ಸೇರಿತು. ಮೇಲಿನ ಊರಿನ ಮುಖಂಡನಾಗಿ ನಾನು ಮಾತಾಡುತ್ತಿದ್ದೆ, ಅವಳು ವಾದಿಸುತ್ತಿದ್ದಳು. ತಾಮ್ರಪಟವನ್ನು ಒಂದೊಂದೇ ಸಾಲು ಬಿಡಿಸಿ ಬಿಡಿಸಿ ಕೇಳಿದ ಅವಳ ಪ್ರಶ್ನೆಗಳಿಗೆ ನಾನು ನಿಜವಾಗಿಯೂ ಬೆವೆತೆ. ಒಪ್ಪಂದವಾಯಿತು. ತೂಬು ಎತ್ತುವಾಗ ಓನರ್ ಅಮ್ಮ ದಾಳ ಹಾಕಿದರು. ಹದಿನೇಳು ಬಿತ್ತು. ನೀರು ಹರಿಯಿತು.

ಆಮೇಲೆ ಗೆಳೆಯ, "ಗುರು, ನಾನು ಇವತ್ತು ಕತ್ತೀನೇ ತೆಗೀಲಿಲ್ಲ" ಅಂದ. ದೂರುತ್ತಿದ್ದಾನೇನೋ ಎಂದುಕೊಂಡೆ. ಆದರೆ ಅವನ ಮುಖ ಅರಳಿತ್ತು.

ಪುಸ್ತಕ ಮಾಡೋಣ ಎಂದವಳು ಹುಡುಗಿ. ನಾಲ್ಕೂ ಜನ ಒಪ್ಪಿದೆವು. ಮೊದಲ ಕರಡಿನಲ್ಲಿ ನಾನು ಆಸೆಬುರುಕನಂತೆ ಎಲ್ಲವನ್ನೂ ತುಂಬಿದ್ದೆ: ರಾಜವಂಶದ ಇತಿಹಾಸ, ಹನ್ನೆರಡು ದೇವರು, ನಾಣ್ಯಗಳ ಹೆಸರು. ಹುಡುಗಿ ಕೆಂಪು ಪೆನ್ನು ಹಿಡಿದು ಹೊಡೆದು ಹಾಕುತ್ತಾ ಹೋದಳು. ಇಪ್ಪತ್ತು ವರ್ಷ ಬೇರೆಯವರ ಹಾಳೆಗೆ ನಾನು ಮಾಡಿದ ಕೆಲಸ ಅದು. ನನ್ನ ಹಾಳೆಗೆ ಯಾರೂ ಮಾಡಿರಲಿಲ್ಲ.

"ಸಾರ್, ನಮ್ಮ ಮೇಜಲ್ಲಿ ಯಾರಾದ್ರೂ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಇರಲಿ. ಯಾರೂ ಕೇಳ್ದೇ ಇರೋದು ಯಾಕೆ?"

ಉಳಿದದ್ದು ನಲವತ್ತು ಪುಟ. ಮೊದಲ ನಾಲ್ಕು ಪುಟದಲ್ಲಿ ಆಟ ಎಂದೂ ನೋಡದವರಿಗಾಗಿ ಕನ್ನಡದಲ್ಲಿ ನಿಯಮ. ಅವು ಓನರ್ ಅಮ್ಮನಿಗೆ ಅರ್ಥವಾಗುವ ತನಕ ಏಳು ಸಲ ತಿದ್ದಿದ್ದೇವೆ. ಆಮೇಲೆ ಎರಡು ಊರು, ಒಂದು ಕೆರೆ, ಅದರ ನಕ್ಷೆ, ಅಲ್ಲಿನ ಜನ, ಅವರ ಜಗಳಗಳು. ನೀರುಗಂಟಿಗೆ ಒಂದು ಪುಟ. ಗೆಳೆಯನ ಒತ್ತಾಯಕ್ಕೆ ಕೆರೆಯ ಹೂಳಿನಲ್ಲಿ ಮಲಗಿರುವ ಒಂದೇ ಒಂದು ರಾಕ್ಷಸ. ನಮ್ಮ ಪ್ರೆಸ್ಸಿನ ಯಜಮಾನರು ಉಳಿಕೆ ಕಾಗದದಲ್ಲಿ ಅಚ್ಚು ಹಾಕಿ, ಪಿನ್ನು ಹೊಡೆಸಿಕೊಟ್ಟರು. ಗೆಳೆಯ ಹಿತ್ತಾಳೆಯಲ್ಲಿ ಹೆಬ್ಬೆರಳುದ್ದದ ನಾಲ್ಕು ಕಾಯಿ ಕಡೆದು ತಂದ. ನೀರುಗಂಟಿಯ ಕಾಯಿಗೆ ಕೈಯಲ್ಲೊಂದು ಕೋಲಿತ್ತು.

ಅಷ್ಟರಲ್ಲಿ ಓನರ್ ಅಮ್ಮನ ಮಂಡಿ ಆಪರೇಷನ್ ಆಯಿತು. ಮೆಟ್ಟಿಲು ಹತ್ತುವಂತಿರಲಿಲ್ಲ. ಆಟ ಕೆಳಗಿನ ಹಾಲಿಗೆ ಇಳಿಯಿತು. ಅವರು ಕಾಲು ಚಾಚಿ ಸೋಫಾದ ಮೇಲೆ, ನಾವು ನೆಲದ ಮೇಲೆ. ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋಥೆರಪಿಯ ಹೆಣ್ಣುಮಗಳಿಗೂ ಅವರು ಒಂದು ಪ್ರತಿ ಕೊಟ್ಟು, ಕಾಲು ಮಡಚುತ್ತಾ ನಿಯಮ ವಿವರಿಸಿದರು. "ನನಗಿಂತ ಚೆನ್ನಾಗಿ ಹೇಳ್ತೀರಲ್ಲ ಅಮ್ಮಾ" ಎಂದೆ. "ನೀನು ಪುಸ್ತಕ ನೋಡ್ಕೊಂಡು ಹೇಳ್ತೀಯ, ನಾನು ಮುಖ ನೋಡ್ಕೊಂಡು ಹೇಳ್ತೀನಿ" ಅಂದರು.

ಆರು ತಿಂಗಳ ನಂತರ ಹುಡುಗಿ ತನ್ನ ಪಿಜಿಯ ಗೆಳತಿಯರಿಗೆ ಆಟ ಕಲಿಸಬೇಕು ಎಂದಳು. ನಡೆಸಲು ನನ್ನನ್ನು ಕರೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಕರೆದದ್ದು ಓನರ್ ಅಮ್ಮನನ್ನು. ಅವರು ಒಂದು ವಾರ ಬೇಡ ಬೇಡ ಅಂದರು. ಎಂಟನೆಯ ದಿನ ಹೊಸ ಕಾಟನ್ ಸೀರೆ ಇಸ್ತ್ರಿಗೆ ಕೊಟ್ಟರು. ಶನಿವಾರ ಸಂಜೆ ನಾನೇ ಆಟೋದಲ್ಲಿ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವರು ಆ ನಲವತ್ತು ಪುಟವನ್ನು ಮಡಿಲಲ್ಲಿಟ್ಟುಕೊಂಡು ಬಾಯಿಪಾಠ ಮಾಡುತ್ತಿದ್ದರು.

ಪಿಜಿಯ ಊಟದ ಕೋಣೆಯಲ್ಲಿ ಐವರು ಹುಡುಗಿಯರು ಕಾದಿದ್ದರು. ಒಂದು ಹಂತದಲ್ಲಿ ಅವರಲ್ಲೊಬ್ಬಳು ನನ್ನತ್ತ ತಿರುಗಿ, "ಸಾರ್, ನಾವು ಯಾವ ಯಾವ ಎಕ್ಸ್‌ಪಾನ್ಷನ್ ತಗೋಬೇಕು?" ಎಂದು ಕೇಳಿದಳು.

ನನಗೆ ಗೊತ್ತಿದ್ದಷ್ಟು ಹೇಳಿದೆ. ಹೊಸಬರು ಯಾರ ಮುಖವನ್ನೂ ನೋಡದೆ ಓದಿಕೊಳ್ಳುವಂಥ, ತಮ್ಮ ಭಾಷೆಯ ನಾಲ್ಕು ಹಾಳೆ ಮೊದಲು. ಅದು ಅಂಗಡಿಯಲ್ಲಿ ಸಿಗದಿದ್ದರೆ ನೀವೇ ಬರೆಯಿರಿ. ಆಮೇಲೆ ಒಂದು ಊರಿನ ಪುಸ್ತಕ, ಚಿಕ್ಕದು. ನಡೆಸುವವಳು ದಣಿದು ಬಂದ ವಾರಕ್ಕೆ ರಾಕ್ಷಸರ ಪುಸ್ತಕ ಖಂಡಿತ ಬೇಕು. ನನ್ನದನ್ನು ನಾನು ಇವತ್ತಿಗೂ ತೆರೆಯುತ್ತೇನೆ. ಸಿದ್ಧ ಕಥೆ ಒಂದನ್ನು ಓದಿ, ಕಥೆ ಕಟ್ಟುವುದು ಹೇಗೆಂದು ಕಲಿಯಿರಿ, ಆದರೆ ಕೋಟೆಗೆ ಹೋಗಲೇಬೇಕೆಂದಿಲ್ಲ. ಶಕ್ತಿಗಳ ಪುಸ್ತಕ ಎಲ್ಲಕ್ಕಿಂತ ಕೊನೆಗೆ, ಎಲ್ಲರೂ ಓದಲು ಬಿಡುವಿದ್ದಾಗ.

"ಆಯ್ತಾ ನಿನ್ನ ಭಾಷಣ?" ಅಂದರು ಓನರ್ ಅಮ್ಮ. "ನೀನೂ ಕೂತ್ಕೊ. ಒಂದು ಪಾತ್ರ ತಗೊ."

ಅಷ್ಟು ವರ್ಷ ನಡೆಸಿದವನು ನಾನು, ಆಡಿದವನಲ್ಲ. ಒಬ್ಬ ಅಗಸನ ಪಾತ್ರ ಬರೆದುಕೊಂಡು ಹುಡುಗಿಯರ ನಡುವೆ ಕೂತೆ. ಮೊದಲ ದಾಳ ಹಾಕಿದೆ. ಎರಡು ಬಿತ್ತು. ನನ್ನ ಅಗಸ ಕೆರೆಯ ಮೆಟ್ಟಿಲಲ್ಲಿ ಕಾಲು ಜಾರಿ, ಊರವರ ಬಟ್ಟೆಯ ಗಂಟಿನ ಸಮೇತ ನೀರಿಗೆ ಬಿದ್ದ. ಐವರೂ ಬಿದ್ದು ಬಿದ್ದು ನಕ್ಕರು. ಓನರ್ ಅಮ್ಮ ಅವರ ಕಡೆ ತಿರುಗಿ, "ನಗ್ತಾ ಕೂತ್ರೆ ಹೇಗೆ? ಯಾರಿಗೆ ಈಜು ಬರುತ್ತೆ, ಹೇಳಿ" ಅಂದರು. ಇಬ್ಬರು ಒಟ್ಟಿಗೆ ಕೈ ಎತ್ತಿದರು.